ಹೆಸರು ಕಟ್ಟುವವರು: ಥೀಡಾ ಬಾರಾ ಮತ್ತು ಕಾರಾಪುರದ ಸಾಬು

ಯಕ್ಷಗಾನ ಮೇಳ ಊರಿಗೆ ಬರುವ ದಿನ ಹೇಗಿರುತ್ತದೆ ಎಂಬುದನ್ನು ಕಾಯ್ಕಿಣಿ, ಮುರ್ಡೇಶ್ವರ, ಭಟ್ಕಳದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಧ್ಯಾಹ್ನವೇ ಮೈಕು ಕಟ್ಟಿದ ಜೀಪೊಂದು ಊರ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತದೆ. ಇಂದು ರಾತ್ರಿ ಯಾವ ಪ್ರಸಂಗ, ಯಾವ ಪಾತ್ರಕ್ಕೆ ಯಾರು, ಹಾಸ್ಯಗಾರ ಯಾರು ಎಂದೆಲ್ಲ ಕೂಗಿ ಹೇಳುತ್ತ ಬಣ್ಣದ ಕರಪತ್ರಗಳನ್ನು ಗಾಳಿಗೆ ತೂರುತ್ತಾರೆ. ಮಕ್ಕಳು ಅದರ ಹಿಂದೆ ಓಡುತ್ತಾರೆ. ಚಿಕ್ಕವನಿದ್ದಾಗ ನಾನೂ ಓಡಿದ್ದೇನೆ. ಕರಪತ್ರದಲ್ಲಿ ಅಚ್ಚಾಗಿದ್ದಷ್ಟು ಅದ್ಭುತ ರಾತ್ರಿಯ ಆಟದಲ್ಲಿ ಇರುತ್ತಿತ್ತೋ ಇಲ್ಲವೋ ಎಂದು ಆಗ ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಆಟಕ್ಕೆ ಜನ ಸೇರಬೇಕು, ಅದಕ್ಕೆ ಪ್ರಚಾರ ಬೇಕು. ಇಷ್ಟರಲ್ಲಿ ತಪ್ಪೇನೂ ಇಲ್ಲ.

ಆದರೆ ಪ್ರಚಾರ ಎಲ್ಲಿಯವರೆಗೆ ಹೋಗಬಹುದು? ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಮ್ಮೆ ನನ್ನನ್ನು ಕೇಳಿದ ಪ್ರಶ್ನೆಯಿಂದ ಈ ಲೇಖನ ಹುಟ್ಟಿತು. "ಸರ್, ಇಂಗ್ಲಿಷ್ ಸಿನಿಮಾದಲ್ಲಿ ಅರಬರು ಅಂದ್ರೆ ಯಾವಾಗಲೂ ಕಳ್ಳರು, ಇಲ್ಲಾ ಮರಳಲ್ಲಿ ಕತ್ತಿ ಬೀಸೋರು. ನಮ್ಮ ಅಬ್ಬಾ ಕೆಲಸ ಮಾಡೋ ಊರಲ್ಲಿ ಹಾಗೆ ಯಾರೂ ಇಲ್ವಂತೆ. ಇವರಿಗೆ ಹೀಗಂತ ಯಾರು ಹೇಳಿದ್ರು?" ಅಂದು ನಾನು ಎರಡು ಮಾತಿನಲ್ಲಿ ಏನೋ ಹೇಳಿ ಪಾಠ ಮುಂದುವರಿಸಿದೆ. ಉತ್ತರ ಸಾಲದು ಎಂದು ನನಗೇ ಅನಿಸಿತ್ತು. ಆ ಪ್ರಶ್ನೆಗೆ ಇತಿಹಾಸದಲ್ಲಿ ಒಂದು ಉತ್ತರವಿದೆ. ಅದು ಅಮೆರಿಕದ ಒಬ್ಬ ದರ್ಜಿಯ ಮಗಳಿಂದ ಆರಂಭವಾಗಿ ನಮ್ಮದೇ ಮೈಸೂರು ಸೀಮೆಯ ಒಬ್ಬ ಮಾವುತನ ಮಗನವರೆಗೆ ಬರುತ್ತದೆ.

ಒಂದು ಕವಿತೆ, ಒಂದು ನಾಟಕ, ಒಂದು ಚಿತ್ರ

1897ರಲ್ಲಿ ಇಂಗ್ಲೆಂಡಿನ ಚಿತ್ರಕಾರ ಫಿಲಿಪ್ ಬರ್ನ್-ಜೋನ್ಸ್ ಒಂದು ವರ್ಣಚಿತ್ರ ಬರೆದ. ಪ್ರಜ್ಞೆ ಇಲ್ಲದೆ ಬಿದ್ದ ಗಂಡಸೊಬ್ಬನ ಮೇಲೆ ಬಾಗಿ ಕುಳಿತ ಹೆಂಗಸಿನ ಚಿತ್ರ ಅದು. ಅವನ ಬಂಧುವಾಗಿದ್ದ ರಡ್ಯಾರ್ಡ್ ಕಿಪ್ಲಿಂಗ್ ಆ ಚಿತ್ರಕ್ಕೆ ಜೊತೆಯಾಗಿ 'ದಿ ವ್ಯಾಂಪೈರ್' ಎಂಬ ಕವಿತೆ ಬರೆದ. ಕಿಪ್ಲಿಂಗ್ 1865ರಲ್ಲಿ ನಮ್ಮ ಮುಂಬಯಿಯಲ್ಲೇ ಹುಟ್ಟಿದವನು ಎಂಬುದು ನಿಮಗೆ ಗೊತ್ತಿರಬಹುದು. ಅವನ ಹೆಸರನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಮತ್ತೊಮ್ಮೆ ಬರುತ್ತಾನೆ.

ಆ ಕವಿತೆಯನ್ನು ಆಧರಿಸಿ ಪೋರ್ಟರ್ ಎಮರ್ಸನ್ ಬ್ರೌನ್ ಎಂಬಾತ ಬರೆದ 'ಎ ಫೂಲ್ ದೇರ್ ವಾಸ್' ನಾಟಕ 1909ರಲ್ಲಿ ನ್ಯೂಯಾರ್ಕಿನ ರಂಗಭೂಮಿಗೆ ಬಂತು. ನಾಟಕ ಗೆದ್ದದ್ದನ್ನು ಕಂಡು ವಿಲಿಯಂ ಫಾಕ್ಸ್ ಎಂಬ ವ್ಯಾಪಾರಿ ಅದನ್ನು ಮೂಕಿ ಚಿತ್ರವಾಗಿ ಮಾಡಿಸಿದ. ಫಾಕ್ಸ್ ಹಂಗೇರಿಯಲ್ಲಿ ಹುಟ್ಟಿ, ಹಸುಗೂಸಾಗಿರುವಾಗಲೇ ಅಮೆರಿಕಕ್ಕೆ ಬಂದ ಬಡ ಯಹೂದಿ ಕುಟುಂಬದವನು. ಚಿತ್ರದ ನಿರ್ದೇಶಕ ಫ್ರಾಂಕ್ ಪೊವೆಲ್. 1915ರ ಜನವರಿಯಲ್ಲಿ ಚಿತ್ರ ತೆರೆ ಕಂಡಿತು. ಇಂದು ನಾವು ಎಲ್ಲವನ್ನೂ ಹಾಲಿವುಡ್ ಎನ್ನುತ್ತೇವೆ. ಆದರೆ ಈ ಚಿತ್ರ ತಯಾರಾದದ್ದು ಹಾಲಿವುಡ್ಡಿನಿಂದ ಸಾವಿರಾರು ಮೈಲಿ ದೂರದಲ್ಲಿ, ಅಮೆರಿಕದ ಪೂರ್ವ ತೀರದಲ್ಲಿ. ಆ ಉದ್ಯಮ ಆಗಷ್ಟೇ ಪಶ್ಚಿಮಕ್ಕೆ ಗುಳೆ ಹೊರಟಿತ್ತು.

ಕಥೆ ಸರಳ. ಹೆಂಡತಿ, ಪುಟ್ಟ ಮಗಳು ಇರುವ ಗೌರವಸ್ಥ ವಕೀಲನೊಬ್ಬ ಸರಕಾರದ ಕೆಲಸದ ಮೇಲೆ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಡುತ್ತಾನೆ. ಹಡಗಿನಲ್ಲಿ ಒಬ್ಬ ಹೆಂಗಸಿನ ಬಲೆಗೆ ಬೀಳುತ್ತಾನೆ. ಹುದ್ದೆ, ಮನೆ, ಮಾನ, ಆರೋಗ್ಯ ಒಂದೊಂದಾಗಿ ಕಳೆದುಕೊಂಡು ಹಾಳಾಗುತ್ತಾನೆ. ಆ ಹೆಂಗಸಿಗೆ ಚಿತ್ರದಲ್ಲಿ ಹೆಸರೇ ಇಲ್ಲ. 'ವ್ಯಾಂಪೈರ್', ಅಂದರೆ ರಕ್ತ ಹೀರುವವಳು ಎಂದಷ್ಟೇ ಅವಳ ಗುರುತು. ಮೊದಲ ಪ್ರದರ್ಶನಗಳಲ್ಲಿ ಚಿತ್ರಕ್ಕೆ ಮುಂಚೆ ನಟನೊಬ್ಬ ವೇದಿಕೆಗೆ ಬಂದು ಕಿಪ್ಲಿಂಗನ ಕವಿತೆಯನ್ನು ಪೂರ್ತಿ ಓದುತ್ತಿದ್ದನಂತೆ.

ದರ್ಜಿಯ ಮಗಳು ಅರಬಳಾದದ್ದು

ಈ ಪಾತ್ರಕ್ಕೆ ಆಯ್ಕೆಯಾದವಳು ಥಿಯೊಡೋಸಿಯಾ ಗುಡ್‌ಮನ್. 1885ರ ಜುಲೈ 29ರಂದು ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿ ನಗರದಲ್ಲಿ ಹುಟ್ಟಿದವಳು. ತಂದೆ ಪೋಲೆಂಡಿನಿಂದ ಬಂದ ಯಹೂದಿ, ದರ್ಜಿ. ತಾಯಿಯ ಮೂಲ ಸ್ವಿಟ್ಜರ್ಲೆಂಡ್. ಊರಿನ ಹೈಸ್ಕೂಲು ಮುಗಿಸಿ, ಎರಡು ವರ್ಷ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲೂ ಓದಿದ್ದಳು. ಅಂದಿನ ಕಾಲಕ್ಕೆ ಹೆಣ್ಣುಮಗಳೊಬ್ಬಳಿಗೆ ಇದು ಕಡಿಮೆ ವಿದ್ಯೆಯಲ್ಲ. ನಾಟಕದ ಹಂಬಲದಿಂದ ನ್ಯೂಯಾರ್ಕಿಗೆ ಬಂದು ಹಲವು ವರ್ಷ ಸಣ್ಣಪುಟ್ಟ ಪಾತ್ರಗಳಲ್ಲೇ ಕಳೆದಳು. ಈ ಚಿತ್ರ ಸಿಕ್ಕಾಗ ಅವಳಿಗೆ ಮೂವತ್ತು ಸಮೀಪಿಸಿತ್ತು.

ಹೆಸರಿಲ್ಲದ ಈ ನಟಿಯನ್ನು ಜನರ ಮುಂದೆ ಹೇಗೆ ನಿಲ್ಲಿಸುವುದು? ದರ್ಜಿಯ ಮಗಳು, ಓದಿದ ಹುಡುಗಿ, ಅಪ್ಪ ಅಮ್ಮನ ಜೊತೆ ಇರುವವಳು ಎಂದರೆ ಯಾರು ಟಿಕೇಟು ಕೊಳ್ಳುತ್ತಾರೆ? ಫಾಕ್ಸ್ ಕಂಪೆನಿಯ ಪ್ರಚಾರದವರು ಒಂದು ಹೊಸ ಜನ್ಮವನ್ನೇ ಬರೆದರು. ಥಿಯೊಡೋಸಿಯಾ ಎಂಬುದು ಥೀಡಾ ಆಯಿತು. ತಾಯಿಯ ಕಡೆಯ ಬರಾಂಜರ್ ಎಂಬ ಹೆಸರನ್ನು ಕತ್ತರಿಸಿ ಬಾರಾ ಮಾಡಿದರು. ಈಕೆ ಈಜಿಪ್ಟಿನಲ್ಲಿ, ಸ್ಫಿಂಕ್ಸ್ ಪ್ರತಿಮೆಯ ನೆರಳಿನಲ್ಲಿ ಹುಟ್ಟಿದವಳು ಎಂದರು. ತಾಯಿ ಫ್ರೆಂಚ್ ನಟಿ ಎಂದರು. ತಂದೆ ಒಮ್ಮೆ ಇಟಲಿಯ ಶಿಲ್ಪಿಯಾದರೆ ಇನ್ನೊಮ್ಮೆ ಅರಬ್ ಶೇಖ್ ಆದ. ಸುಳ್ಳಿಗೆ ಒಂದೇ ರೂಪ ಇರಬೇಕೆಂಬ ನಿಯಮವಿಲ್ಲವಲ್ಲ!

ಅಷ್ಟಕ್ಕೇ ನಿಲ್ಲಲಿಲ್ಲ. 'ಬಾರಾ' ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ 'ಅರಬ್' ಆಗುತ್ತದೆ, 'ಥೀಡಾ' ಎಂಬುದರ ಅಕ್ಷರಗಳನ್ನು ಅದಲುಬದಲು ಮಾಡಿದರೆ 'ಡೆತ್' ಆಗುತ್ತದೆ, ಎರಡೂ ಸೇರಿ 'ಅರಬ್ ಸಾವು' ಎಂದು ಪತ್ರಿಕೆಗಳಲ್ಲಿ ಹಬ್ಬಿಸಿದರು. ಮನುಷ್ಯರ ಅಸ್ಥಿಪಂಜರ, ಕಾಗೆ, ಹಾವುಗಳ ಜೊತೆ ಕೂರಿಸಿ ಫೋಟೋ ತೆಗೆಸಿದರು. ಚಿಕಾಗೊ ನಗರದಲ್ಲಿ ಪತ್ರಕರ್ತರನ್ನು ಕರೆಸಿದಾಗ ಕೋಣೆಯ ತುಂಬ ದಪ್ಪ ಪರದೆ ಇಳಿಬಿಟ್ಟು, ಸುಗಂಧದ ಹೊಗೆ ಹಾಕಿ, ಅವಳಿಗೆ ತುಪ್ಪುಳದ ಉಡುಪು ಹೊದಿಸಿ ಕೂರಿಸಿದ್ದರು. ಬಿಸಿ ದೇಶದವಳಾದ್ದರಿಂದ ಚಳಿ ತಾಳಲಾರಳು ಎಂಬ ವಿವರಣೆ ಬೇರೆ. ಪತ್ರಕರ್ತರೆಲ್ಲ ಹೊರಟ ಮೇಲೆ ಅವಳು ಉಸಿರು ಕಟ್ಟಿ ಓಡಿಹೋಗಿ ಕಿಟಕಿ ತೆರೆದು ಗಾಳಿಗಾಗಿ ಹಂಬಲಿಸಿದಳಂತೆ. ಹಿಂದೆ ಉಳಿದಿದ್ದ ಲುಯೆಲ್ಲಾ ಪಾರ್ಸನ್ಸ್ ಎಂಬ ಪತ್ರಕರ್ತೆ ಇದನ್ನು ಕಂಡು ಬಯಲಿಗೆ ಹೇಳಿದಳು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದಿದೆ. ಸುಳ್ಳು ಬಯಲಾದರೂ ಚಿತ್ರಕ್ಕೆ ನಷ್ಟವಾಗಲಿಲ್ಲ. ಪತ್ರಿಕೆಯವರಲ್ಲಿ ಅನೇಕರಿಗೆ ಇದು ಕಟ್ಟುಕಥೆ ಎಂದು ಗೊತ್ತಿತ್ತು. ನಗುತ್ತಲೇ ಅಚ್ಚು ಹಾಕಿದರು. ಓದುಗರೂ ಅರ್ಧ ನಂಬಿ, ಅರ್ಧ ನಂಬದೆ ಓದಿದರು. ಟಿಕೇಟಂತೂ ಕೊಂಡರು. ಚಿತ್ರದ ಗಳಿಕೆಯ ಬಲದ ಮೇಲೆ ಫಾಕ್ಸ್ ಅದೇ 1915ರಲ್ಲಿ ಫಾಕ್ಸ್ ಫಿಲ್ಮ್ ಕಾರ್ಪೊರೇಷನ್ ಕಟ್ಟಿದ. ಮುಂದೆ ಜಗತ್ತಿನ ದೊಡ್ಡ ಚಿತ್ರಸಂಸ್ಥೆಗಳಲ್ಲಿ ಒಂದಾದ ಕಂಪೆನಿಯ ಬುಡದಲ್ಲಿ ಈ ಜಾಹೀರಾತಿನ ಕಲ್ಲೂ ಇದೆ. ಇಂಗ್ಲಿಷ್ ಭಾಷೆಯಲ್ಲಿ 'ವ್ಯಾಂಪ್' ಎಂಬ ಶಬ್ದ ಮನೆಮಾತಾಯಿತು. ನಮ್ಮ ಹಿಂದಿ, ಕನ್ನಡ ಚಿತ್ರಗಳಲ್ಲಿ ಬಹಳ ಕಾಲ ಬರುತ್ತಿದ್ದ 'ವ್ಯಾಂಪ್' ಪಾತ್ರದ ಹೆಸರೂ ಅಲ್ಲಿಂದಲೇ ಬಂದದ್ದು.

ಹೆಸರೇ ಸೆರೆಮನೆಯಾದಾಗ

ವಾರಕ್ಕೆ 150 ಡಾಲರ್ ಸಂಬಳದಿಂದ ಆರಂಭಿಸಿದ ಥೀಡಾ ಬಾರಾ ಕೆಲವೇ ವರ್ಷಗಳಲ್ಲಿ ವಾರಕ್ಕೆ 4000 ಡಾಲರ್ ಪಡೆಯುವವಳಾದಳು. 1917ರಲ್ಲಿ 'ಕ್ಲಿಯೋಪಾತ್ರಾ' ಚಿತ್ರದ ನಾಯಕಿಯಾದಳು. ಅದೇ ವರ್ಷ ಅವಳ ಇಡೀ ಕುಟುಂಬ ಕಾನೂನುಬದ್ಧವಾಗಿ ಗುಡ್‌ಮನ್ ಎಂಬ ಹೆಸರು ಬಿಟ್ಟು ಬಾರಾ ಎಂಬ ಹೆಸರು ಹಿಡಿಯಿತು. ಪ್ರಚಾರದವರು ಕಟ್ಟಿದ ಹೆಸರು ಹುಟ್ಟಿದ ಮನೆಯ ಬಾಗಿಲ ಮೇಲೂ ಬಂದು ಕುಳಿತಿತು.

ಆದರೆ ಅವಳು ಬೇರೆ ಪಾತ್ರ ಮಾಡುವುದನ್ನು ಜನ ಒಪ್ಪಲಿಲ್ಲ. ಸಜ್ಜನ ಹೆಣ್ಣಿನ ಪಾತ್ರ ಕೊಡಿ ಎಂದು ಅವಳು ಕೇಳುತ್ತಿದ್ದಳು. 1919ರಲ್ಲಿ ಐರ್ಲೆಂಡಿನ ಮುಗ್ಧ ಹುಡುಗಿಯ ಪಾತ್ರದಲ್ಲಿ 'ಕ್ಯಾಥ್ಲೀನ್ ಮವೂರ್ನೀನ್' ಚಿತ್ರಕ್ಕೆ ಬಂದಾಗ, ಈಕೆ ಆ ಪಾತ್ರ ಮಾಡುವುದೇ ಸಲ್ಲದು ಎಂದು ಐರಿಷ್ ಸಂಘಟನೆಗಳು ಪ್ರತಿಭಟಿಸಿದವು. ಅದೇ ವರ್ಷ ಫಾಕ್ಸ್ ಕಂಪೆನಿಯ ನಂಟು ಮುಗಿಯಿತು. 1921ರಲ್ಲಿ ನಿರ್ದೇಶಕ ಚಾರ್ಲ್ಸ್ ಬ್ರೇಬಿನ್‌ನನ್ನು ಮದುವೆಯಾದಳು. ಮುಂದೆ ಒಂದೆರಡು ಚಿತ್ರಗಳಷ್ಟೇ. 1937ರಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರಿ ಎಂಬಲ್ಲಿದ್ದ ಫಾಕ್ಸ್ ಉಗ್ರಾಣಕ್ಕೆ ಬೆಂಕಿ ಬಿದ್ದು ಹಳೆಯ ಚಿತ್ರಗಳ ಸುರುಳಿಗಳು ಸುಟ್ಟು ಬೂದಿಯಾದವು. ಅವಳ ಸುಮಾರು 40 ಚಿತ್ರಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಇಂದು ಉಳಿದಿವೆ. 'ಕ್ಲಿಯೋಪಾತ್ರಾ'ದ ಕೆಲವೇ ಕ್ಷಣಗಳ ತುಣುಕು ಸಿಕ್ಕಿದೆ. ಉಳಿದವುಗಳಲ್ಲಿ 'ಎ ಫೂಲ್ ದೇರ್ ವಾಸ್' ಒಂದು. 2015ರಲ್ಲಿ ಅಮೆರಿಕ ಅದನ್ನು ತನ್ನ ರಾಷ್ಟ್ರೀಯ ಚಲನಚಿತ್ರ ಸಂಗ್ರಹಕ್ಕೆ ಸೇರಿಸಿಕೊಂಡಿತು. ಥೀಡಾ ಬಾರಾ 1955ರ ಏಪ್ರಿಲ್ 7ರಂದು ತೀರಿಕೊಂಡಳು.

ಅವಳಿಗೆ ಹಣ ಬಂತು, ಕೀರ್ತಿ ಬಂತು. ಕಳೆದುಹೋದದ್ದು ದರ್ಜಿಯ ಮಗಳು ಥಿಯೊಡೋಸಿಯಾ. ಅವಳಷ್ಟೇ ಅಲ್ಲ, ಈ ವ್ಯಾಪಾರದಲ್ಲಿ ಇನ್ನೊಬ್ಬರೂ ನಷ್ಟ ಹೊಂದಿದರು. ಅವರನ್ನು ಯಾರೂ ಕೇಳಲೇ ಇಲ್ಲ. ಅವರೇ ಅರಬರು. ಅಮೆರಿಕದ ಹೆಚ್ಚಿನ ಪ್ರೇಕ್ಷಕರು ಒಬ್ಬ ಅರಬನನ್ನೂ ಕಂಡಿರಲಿಲ್ಲ. ಅರಬ್ ಎಂದರೆ ಮರಳು, ಮೋಹ, ವಿಷ, ಸಾವು ಎಂದು ಅವರಿಗೆ ಮೊದಲು ಕಲಿಸಿದವುಗಳಲ್ಲಿ ಇಂಥ ಕರಪತ್ರಗಳೂ ಸೇರಿವೆ. 1921ರಲ್ಲಿ 'ದಿ ಶೇಖ್' ಎಂಬ ಚಿತ್ರ ಬಂತು. ಅದರಲ್ಲಿ ಅರಬನಾಗಿ ಕಾಣಿಸಿಕೊಂಡವನು ಇಟಲಿಯಲ್ಲಿ ಹುಟ್ಟಿದ ರುಡಾಲ್ಫ್ ವ್ಯಾಲೆಂಟಿನೊ. ಹೀಗೆ ಅರಬರಿಲ್ಲದ ಅರಬಸ್ತಾನವೊಂದು ತೆರೆಯ ಮೇಲೆ ಬೆಳೆಯುತ್ತ ಹೋಯಿತು.

ಇದರ ಪಕ್ಕದಲ್ಲಿ ನಮ್ಮ ಕರಾವಳಿಯ ಒಂದು ದಾಖಲೆಯನ್ನು ಇಟ್ಟು ನೋಡಿ. 14ನೆಯ ಶತಮಾನದಲ್ಲಿ ಮೊರಾಕ್ಕೊದ ಟ್ಯಾಂಜಿಯರ್ ನಗರದ ಪ್ರವಾಸಿ ಇಬ್ನ್ ಬತೂತಾ ನಮ್ಮ ಪಕ್ಕದ ಹೊನ್ನಾವರಕ್ಕೆ ಬಂದಿದ್ದ. ದೂರದ ಊರಿನ ವಿಚಿತ್ರಗಳನ್ನು ಹೇಳಿ ಜನರನ್ನು ಬೆರಗುಗೊಳಿಸಲು ಅವನಿಗೂ ಅವಕಾಶವಿತ್ತು. ಆದರೆ ಅವನು ಬರೆದಿಟ್ಟದ್ದು ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದವು ಎಂದು. ಅರಬೀ ಭಾಷೆಯಲ್ಲಿ ಬರೆದವನೊಬ್ಬ ನಮ್ಮ ಶಾಲೆಗಳನ್ನು ಎಣಿಸಿದ. ಅರಬ್ ಹೆಸರನ್ನು ಮಾರಿದವರು ಒಬ್ಬ ಅರಬನನ್ನೂ ಮಾತನಾಡಿಸಲಿಲ್ಲ. ಕಂಡು ಬರೆಯುವುದಕ್ಕೂ ಕಟ್ಟಿ ಬರೆಯುವುದಕ್ಕೂ ಇರುವ ಅಂತರ ಇದೇ.

ಕಾರಾಪುರದ ಹುಡುಗ

ಈಗ ಮೈಸೂರು ಸೀಮೆಗೆ ಬರೋಣ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಬಿನಿ ನದಿಯ ಬದಿಯ ಕಾರಾಪುರದಲ್ಲಿ 1924ರ ಜನವರಿ 27ರಂದು ಒಬ್ಬ ಮುಸ್ಲಿಂ ಮಾವುತನ ಮನೆಯಲ್ಲಿ ಸಾಬು ಹುಟ್ಟಿದ. ತಂದೆ ಮೈಸೂರು ಮಹಾರಾಜರ ಆನೆಗಳನ್ನು ನೋಡಿಕೊಳ್ಳುತ್ತಿದ್ದವರು. ಚಿಕ್ಕಂದಿನಲ್ಲೇ ತಾಯಿ ತಂದೆ ಇಬ್ಬರೂ ತೀರಿಕೊಂಡರು. ಹುಡುಗ ಅರಮನೆಯ ಆನೆಲಾಯದ ಆಸರೆಯಲ್ಲಿ ಅಣ್ಣ ಶೇಖ್ ದಸ್ತಗೀರನ ಜೊತೆ ಬೆಳೆದ.

1935ರಲ್ಲಿ ಅಮೆರಿಕದ ಹೆಸರಾಂತ ಸಾಕ್ಷ್ಯಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾನ ಪರವಾಗಿ 'ಎಲಿಫೆಂಟ್ ಬಾಯ್' ಎಂಬ ಚಿತ್ರ ಮಾಡಬೇಕಿತ್ತು. ಕಥೆ ಯಾರದು ಗೊತ್ತೇ? ಅದೇ ಕಿಪ್ಲಿಂಗನದು! ಕಾಡಿನಲ್ಲಿ ಆನೆಗಳ ಕುಣಿತ ಕಂಡ ಮಾವುತರ ಹುಡುಗ ತೂಮಾಯಿಯ ಕಥೆ. ಆಗ ಮಹಾರಾಜರಾಗಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಅರಮನೆಯ ಆನೆಗಳು, ಕಾಕನಕೋಟೆಯ ಕಾಡು, ಖೆಡ್ಡಾ ಎಲ್ಲವೂ ಚಿತ್ರತಂಡಕ್ಕೆ ಒದಗಿದವು. ಹುಡುಗರನ್ನು ಹುಡುಕುತ್ತಿದ್ದ ತಂಡದ ಕಣ್ಣಿಗೆ ಹನ್ನೊಂದು ವರ್ಷದ ಸಾಬು ಬಿದ್ದ. ಐರಾವತ ಎಂಬ ದೊಡ್ಡ ಸಲಗದ ಮೇಲೆ ಅವನು ಅಂಗಳದಲ್ಲಿ ಕೂತಷ್ಟು ಸಲೀಸಾಗಿ ಕೂರುತ್ತಿದ್ದ. ಫ್ಲಾಹರ್ಟಿಯ ಪತ್ನಿ ಫ್ರಾನ್ಸಿಸ್ ಮೈಸೂರಿನಿಂದ ಬರೆದ ಪತ್ರಗಳು 1937ರಲ್ಲಿ 'ಎಲಿಫೆಂಟ್ ಡಾನ್ಸ್' ಎಂಬ ಪುಸ್ತಕವಾಗಿ ಬಂದಿವೆ.

ಉಳಿದ ಚಿತ್ರೀಕರಣಕ್ಕೆ ಸಾಬುವನ್ನೂ ಅವನ ಅಣ್ಣನನ್ನೂ ಲಂಡನ್ನಿಗೆ ಕರೆದೊಯ್ದರು. ಅಲ್ಲಿನ ಸ್ಟುಡಿಯೋದಲ್ಲಿ ಅಲೆಕ್ಸಾಂಡರನ ತಮ್ಮ ಜೋಲ್ಟಾನ್ ಕೋರ್ಡಾ ಚಿತ್ರವನ್ನು ಪೂರ್ತಿ ಮಾಡಿದ. 1937ರಲ್ಲಿ ತೆರೆಕಂಡ 'ಎಲಿಫೆಂಟ್ ಬಾಯ್' ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು. ಕಾರಾಪುರದ ಅನಾಥ ಹುಡುಗ ರಾತ್ರೋರಾತ್ರಿ ಲೋಕಪ್ರಸಿದ್ಧನಾದ.

ಈ ಪಯಣದಲ್ಲಿ ಇನ್ನೊಂದು ಘಟನೆ ನಡೆಯಿತು. ಕಾಗದಪತ್ರಗಳ ಗೊಂದಲದಲ್ಲಿ ಅಣ್ಣನ ಹೆಸರು ತಮ್ಮನ ಹೆಸರಿಗೆ ಅಂಟಿಕೊಂಡಿತು ಎಂದು ಅವನ ಜೀವನ ಬರೆದವರು ಹೇಳುತ್ತಾರೆ. ಶೇಖ್ ಸಾಬು 'ಸಾಬು ದಸ್ತಗೀರ್' ಆದ. ಉರ್ದು ಓದುವ ಮಕ್ಕಳಿಗೆ ಗೊತ್ತು, ದಸ್ತ್ ಎಂದರೆ ಕೈ, ಗೀರ್ ಎಂದರೆ ಹಿಡಿಯುವವನು. ಕೈಹಿಡಿದು ನಡೆಸುವವನು ದಸ್ತಗೀರ್. ತಂದೆತಾಯಿ ಇಲ್ಲದ ತಮ್ಮನ ಕೈಹಿಡಿದು ಕಡಲು ದಾಟಿದ ಅಣ್ಣನಿಗೆ ಆ ಹೆಸರು ಒಪ್ಪುತ್ತದೆ. ಆದರೆ ಅದನ್ನು ತಮ್ಮನಿಗೆ ಕೊಟ್ಟದ್ದು ಪ್ರೀತಿಯಲ್ಲ, ದಾಖಲೆಯ ತಪ್ಪು. ಇಂದಿಗೂ ಅನೇಕ ಪುಸ್ತಕಗಳಲ್ಲಿ ಆ ತಪ್ಪೇ ಅವನ ಹೆಸರಾಗಿ ಉಳಿದಿದೆ.

ಎಲ್ಲ ದೇಶದವನೂ ಆದ, ತನ್ನ ದೇಶದವನೊಬ್ಬನನ್ನು ಬಿಟ್ಟು

ಥೀಡಾ ಬಾರಾಳಿಗೆ ಪ್ರಚಾರದವರು ಇಲ್ಲದ ಪೂರ್ವದೇಶವನ್ನು ಕೊಟ್ಟರು. ಸಾಬು ನಿಜವಾಗಿಯೂ ಪೂರ್ವದೇಶದವನು, ಅವನಿಗೆ ಸುಳ್ಳು ಜನ್ಮವೃತ್ತಾಂತ ಬೇಕಾಗಿರಲಿಲ್ಲ. ಲಂಡನ್ನಿನಲ್ಲಿ ಅವನ ವರ್ಣಚಿತ್ರ ಬರೆದರು, ಪ್ರತಿಮೆ ಮಾಡಿದರು. ರುಮಾಲು ಸುತ್ತಿದ 'ಎಲಿಫೆಂಟ್ ಬಾಯ್' ಎಂದೇ ಎಲ್ಲೆಡೆ ಮೆರೆಸಿದರು. ಅವನು ಚುರುಕಾಗಿ ಇಂಗ್ಲಿಷ್ ಕಲಿತ. ಆದರೆ ಅವನಿಗೆ ಸಿಕ್ಕ ಪಾತ್ರಗಳ ಪಟ್ಟಿ ನೋಡಿ. 1938ರ 'ದಿ ಡ್ರಮ್' ಚಿತ್ರದಲ್ಲಿ ವಾಯವ್ಯ ಗಡಿನಾಡಿನ ರಾಜಕುಮಾರ. 1940ರ 'ದಿ ಥೀಫ್ ಆಫ್ ಬಗ್ದಾದ್' ಚಿತ್ರದಲ್ಲಿ ಅಬು ಎಂಬ ಪುಟ್ಟ ಕಳ್ಳ. 1942ರ 'ಜಂಗಲ್ ಬುಕ್' ಚಿತ್ರದಲ್ಲಿ ತೋಳಗಳ ನಡುವೆ ಬೆಳೆದ ಮೋಗ್ಲಿ, ಇದೂ ಕಿಪ್ಲಿಂಗನದೇ ಕಥೆ. ಅದೇ ವರ್ಷ 'ಅರೇಬಿಯನ್ ನೈಟ್ಸ್'. 1944ರ 'ಕೋಬ್ರಾ ವುಮನ್' ಚಿತ್ರದಲ್ಲಿ ಯಾವುದೋ ದ್ವೀಪದ ಹುಡುಗ. 1947ರ 'ದಿ ಎಂಡ್ ಆಫ್ ದಿ ರಿವರ್' ಚಿತ್ರದಲ್ಲಿ ಬ್ರೆಜಿಲ್ ದೇಶದ ಆದಿವಾಸಿ. ಕಾಡು, ಮರಳುಗಾಡು, ದ್ವೀಪ ಯಾವುದಾದರೂ ಸರಿ, ಮೈಬಣ್ಣ ಕಪ್ಪಾಗಿದ್ದರೆ ಸಾಕು, ಎಲ್ಲರೂ ಒಂದೇ ಎಂಬ ಲೆಕ್ಕ. ಎಷ್ಟೋ ದೇಶದವನಾಗಿ ತೆರೆಗೆ ಬಂದ ಹುಡುಗನಿಗೆ ಕನ್ನಡ ನಾಡಿನ ಓದು ಬರಹ ಬಲ್ಲ ಒಬ್ಬ ಸಾಮಾನ್ಯ ಮನುಷ್ಯನ ಪಾತ್ರ ಬರಲೇ ಇಲ್ಲ.

'ದಿ ಡ್ರಮ್' ಚಿತ್ರ 1938ರಲ್ಲಿ ಮುಂಬಯಿಗೆ ಬಂದಾಗ ದೊಡ್ಡ ಪ್ರತಿಭಟನೆ ನಡೆಯಿತು. ಗಡಿನಾಡಿನ ಮುಸ್ಲಿಮರನ್ನು ದ್ರೋಹಿಗಳಂತೆ ತೋರಿಸಿ ಬ್ರಿಟಿಷರನ್ನು ರಕ್ಷಕರನ್ನಾಗಿ ಮಾಡಿದ್ದಾರೆ ಎಂಬುದು ಜನರ ಆಕ್ಷೇಪ. ಕೊನೆಗೆ ಚಿತ್ರವನ್ನು ಹಿಂದಕ್ಕೆ ಪಡೆಯಬೇಕಾಯಿತು. ಆ ಸಿಟ್ಟಿನಲ್ಲಿ ನ್ಯಾಯವಿತ್ತು. ಆದರೆ ತೆರೆಯ ಮೇಲಿದ್ದ ಹುಡುಗನಿಗೆ ಆಗ ಹದಿನಾಲ್ಕು ವರ್ಷ. ಅವನು ಆ ಕಥೆ ಬರೆದವನಲ್ಲ.

ಎರಡನೆಯ ಮಹಾಯುದ್ಧದ ಕಾರಣ 'ದಿ ಥೀಫ್ ಆಫ್ ಬಗ್ದಾದ್' ಚಿತ್ರೀಕರಣ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಯಿತು. ಸಾಬುವೂ ಹೋದ, ಅಲ್ಲೇ ಉಳಿದ. ಆ ಚಿತ್ರ ಮೂರು ಆಸ್ಕರ್ ಪ್ರಶಸ್ತಿ ಪಡೆಯಿತು. 1944ರಲ್ಲಿ ಅವನಿಗೆ ಅಮೆರಿಕದ ಪೌರತ್ವ ದೊರೆಯಿತು. ಸೇನೆಯ ವಾಯುಪಡೆ ಸೇರಿ ಬಾಂಬರ್ ವಿಮಾನದ ಗನ್ನರ್ ಆಗಿ ಪೆಸಿಫಿಕ್ ರಣರಂಗದಲ್ಲಿ ಹಲವು ಹಾರಾಟ ಮಾಡಿ 'ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್' ಪದಕ ಪಡೆದ. ಶೌರ್ಯವೇನೋ ನಿಜವಾದದ್ದು. ಮರಳಿ ಬಂದಾಗ ಜನರ ರುಚಿ ಬದಲಾಗಿತ್ತು. 1947ರ 'ಬ್ಲ್ಯಾಕ್ ನಾರ್ಸಿಸಸ್' ಬಿಟ್ಟರೆ ಹೇಳಿಕೊಳ್ಳುವ ಪಾತ್ರಗಳು ಬರಲಿಲ್ಲ. ಮೆಹಬೂಬ್ ಖಾನ್ ತಮ್ಮ 'ಮದರ್ ಇಂಡಿಯಾ' ಚಿತ್ರಕ್ಕೆ ಅವನನ್ನು ಕರೆಸಲು ಯೋಚಿಸಿದ್ದರು. ಅದು ಕೈಗೂಡಲಿಲ್ಲ. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡಾಗ ಸಾಬುವಿಗೆ ಕೇವಲ 39 ವರ್ಷ. ಅವನು ಆನೆ ಏರಿ ನಡೆದ ಕಾಕನಕೋಟೆ ಕಾಡಿನ ಒಂದು ಭಾಗ ಇಂದು ಕಬಿನಿ ಜಲಾಶಯದ ನೀರಿನಡಿಯಲ್ಲಿದೆ.

ಇನ್ನೊಂದು ದಾರಿಯೂ ಇತ್ತು

ಇವರಿಬ್ಬರ ನಡುವೆ ಮೂರನೆಯವರೊಬ್ಬರನ್ನು ನೆನೆಯದೆ ಇರಲಾರೆ. ವಿಜಾಪುರ ಸೀಮೆಯ ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ರಂಗಭೂಮಿಯಲ್ಲಿ ಹಾಡಿ, ನಟಿಸಿ ಮುಂಬಯಿ ಚಿತ್ರರಂಗಕ್ಕೆ ಹೋದರು. 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶವೆಲ್ಲ ಅವರ ದನಿ ಕೇಳಿತು. ಆ ಕಾಲದಲ್ಲಿ ಅನೇಕ ಕಲಾವಿದರು ಹುಟ್ಟಿದ ಹೆಸರು ಬಿಟ್ಟು ಬೇರೆ ಹೆಸರು ತೊಟ್ಟರು. ಯೂಸುಫ್ ಖಾನ್ ದಿಲೀಪ್ ಕುಮಾರ್ ಆದರು, ಮುಮ್ತಾಜ್ ಜಹಾನ್ ಮಧುಬಾಲಾ ಆದರು. ಅವರನ್ನು ದೂರುವಂತಿಲ್ಲ, ಮಾರುಕಟ್ಟೆ ಹಾಗಿತ್ತು. ಆದರೆ ಅಮೀರ್‌ಬಾಯಿಯವರು ತಮ್ಮ ಹೆಸರನ್ನು ಉಳಿಸಿಕೊಂಡದ್ದಲ್ಲದೆ, ಅದರ ಮುಂದೆ ನಾಡಿನ ಹೆಸರನ್ನೂ ಸೇರಿಸಿಕೊಂಡು 'ಅಮೀರ್‌ಬಾಯಿ ಕರ್ನಾಟಕಿ' ಎಂದೇ ಪ್ರಸಿದ್ಧರಾದರು. ಅವರ ಸೋದರಿ ಗೋಹರ್‌ಬಾಯಿಯವರೂ ಕರ್ನಾಟಕಿಯೇ. ಅಂದು ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ನಮ್ಮ ಉತ್ತರ ಕನ್ನಡದಂತೆ ಅವರ ಊರೂ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ರಾಜ್ಯದ ಹೆಸರು ಕರ್ನಾಟಕ ಎಂದಾಗುವುದಕ್ಕೆ 1973ರವರೆಗೆ ಕಾಯಬೇಕಾಯಿತು. ಅದಕ್ಕೂ ದಶಕಗಳ ಮೊದಲು ಇಬ್ಬರು ಮುಸ್ಲಿಂ ಹೆಣ್ಣುಮಕ್ಕಳು ಆ ಹೆಸರನ್ನು ಗ್ರಾಮೊಫೋನ್ ತಟ್ಟೆಗಳ ಮೇಲೆ ಅಚ್ಚು ಹಾಕಿಸಿಕೊಂಡಿದ್ದರು.

ಹಾಜರಿ ಪುಸ್ತಕದ ಮುಂದೆ

ಇಷ್ಟೆಲ್ಲ ಹೇಳಿದ್ದು ಸಿನಿಮಾದ ಕಥೆಗಾಗಿ ಅಲ್ಲ. ಪ್ರತಿ ಜೂನ್ ತಿಂಗಳಲ್ಲಿ ಹೊಸ ಹಾಜರಿ ಪುಸ್ತಕ ಬರೆಯಲು ಕೂತಾಗ ನನಗೆ ಸಾಬು ನೆನಪಾಗುತ್ತಾನೆ. ಉರ್ದುವಿನಲ್ಲಿ ಒಂದೇ ರೀತಿ ಬರೆಯುವ ಹೆಸರನ್ನು ನಾವು ಕನ್ನಡದಲ್ಲಿ ಮೊಹಮ್ಮದ್, ಮುಹಮ್ಮದ್, ಮಹಮ್ಮದ್ ಎಂದು ಮೂರು ರೀತಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಇನ್ನೂ ನಾಲ್ಕು. ಶೇಖ್ ಒಮ್ಮೆ ಹೆಸರಿನ ಮುಂದೆ, ಒಮ್ಮೆ ಹಿಂದೆ. ಮನೆಯಲ್ಲಿ ಕರೆಯುವ ಹೆಸರು ಒಂದು, ದಾಖಲಾತಿಯ ದಿನ ಯಾರೋ ಬಂಧು ಬಂದು ಬರೆಸುವ ಹೆಸರು ಇನ್ನೊಂದು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಕಪಟ್ಟಿ ಹಿಡಿದುಕೊಂಡು ಮನೆಗೆ ಬಂದ. ಗಲ್ಫಿನಲ್ಲಿ ಕೆಲಸ ಸಿಕ್ಕಿತ್ತು. ಪಾಸ್‌ಪೋರ್ಟಿನ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಒಂದು ಅಕ್ಷರದ ವ್ಯತ್ಯಾಸ. ಅಫಿಡವಿಟ್, ತಿದ್ದುಪಡಿ ಅರ್ಜಿ, ಕಚೇರಿಯಿಂದ ಕಚೇರಿಗೆ ಅಲೆದಾಟದಲ್ಲಿ ತಿಂಗಳುಗಳು ಕಳೆದವು. ಕೆಲಸ ಬೇರೆಯವನಿಗೆ ಹೋಯಿತು. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಹಳೆಯ ರಿಜಿಸ್ಟರ್ ತೆಗೆದು ನೋಡಿದಾಗ ಆ ಅಕ್ಷರ ನನ್ನದೇ ಕೈಬರಹದಲ್ಲಿತ್ತು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಈಗ ದಾಖಲಾತಿಯ ದಿನ ತಾಯಿ ತಂದೆಯನ್ನು ಎದುರು ಕೂರಿಸಿಕೊಂಡು, ಜನನ ಪ್ರಮಾಣಪತ್ರ ನೋಡಿ, ಮೂರೂ ಲಿಪಿಯಲ್ಲಿ ಬರೆದು ತೋರಿಸಿ, ಅವರು ಹೂಂ ಎಂದ ಮೇಲೆಯೇ ರಿಜಿಸ್ಟರಿನಲ್ಲಿ ಬರೆಯುತ್ತೇನೆ.

ಪ್ರಿಯ ವಿದ್ಯಾರ್ಥಿಗಳೇ, ನಿಮಗೆ ಹೇಳುವುದು ಎರಡೇ ಮಾತು. ಯಾರದೋ ಬಗ್ಗೆ ಬೆರಗಿನ ಕಥೆಯೊಂದು ಬಣ್ಣದ ಚಿತ್ರದೊಂದಿಗೆ ನಿಮ್ಮ ಕೈಗೆ ಬಂದರೆ, ಅದು ಕರಪತ್ರವಾಗಲಿ, ಪತ್ರಿಕೆಯಾಗಲಿ, ಮೊಬೈಲಾಗಲಿ, ಮುಂದೆ ಕಳಿಸುವ ಮೊದಲು ಕೇಳಿ: ಇದನ್ನು ಕಂಡವರು ಯಾರು? ಇದರಿಂದ ಯಾರ ಟಿಕೇಟು ಮಾರಾಟವಾಗುತ್ತದೆ? 1915ರಲ್ಲಿ ಅಮೆರಿಕದ ಜನ ಕೇಳದೆ ಬಿಟ್ಟ ಪ್ರಶ್ನೆಗಳು ಇವೇ. ನಮ್ಮ ಬಗ್ಗೆ ಬರುವ ಸುಳ್ಳಿಗೆ ನಾವು ನೊಂದುಕೊಳ್ಳುತ್ತೇವೆ. ಬೇರೆಯವರ ಬಗ್ಗೆ ಬರುವ ಸುಳ್ಳನ್ನು ನಾವೇ ಹಂಚಿದರೆ ಆ ನೋವಿಗೆ ಅರ್ಥವಿಲ್ಲ.

ಎರಡನೆಯದು, ನಿಮ್ಮ ಕಥೆಯನ್ನು ನೀವೇ ಬರೆಯಲು ಕಲಿಯಿರಿ. ಸಾಬುವಿಗೆ ಧೈರ್ಯವಿತ್ತು, ಪ್ರತಿಭೆಯಿತ್ತು. ಆದರೆ ಅವನ ಬಾಲ್ಯವನ್ನು ಲೋಕಕ್ಕೆ ಹೇಳಿದವರು ಫ್ಲಾಹರ್ಟಿ, ಕೋರ್ಡಾ, ಕಿಪ್ಲಿಂಗ್. ಕಾರಾಪುರದ ಆನೆಲಾಯ ಅವನ ಕಣ್ಣಿಗೆ ಹೇಗೆ ಕಂಡಿತು ಎಂದು ಅವನೇ ಕನ್ನಡದಲ್ಲೋ ಉರ್ದುವಿನಲ್ಲೋ ಬರೆದಿದ್ದರೆ ಇಂದು ಅದನ್ನು ನಿಮಗೆ ಪಾಠ ಮಾಡಬಹುದಿತ್ತು. ನಿಮ್ಮ ಅಜ್ಜಿಯ ಅಡುಗೆಮನೆ, ಅಜ್ಜನ ದೋಣಿ, ಅಬ್ಬಾ ದೂರದೇಶದಿಂದ ಬರೆದ ಪತ್ರ ಇವುಗಳನ್ನು ಬರೆದಿಡಿ.

ಆ ಒಂಬತ್ತನೆಯ ತರಗತಿಯ ಹುಡುಗ ಈಗ ಕಾಲೇಜಿನಲ್ಲಿದ್ದಾನೆ. ಈ ಸಂಚಿಕೆ ಅವನ ಮನೆಗೂ ಹೋಗುತ್ತದೆ. ಅಂದು ಅರ್ಧಕ್ಕೆ ನಿಲ್ಲಿಸಿದ ಉತ್ತರ ಇಲ್ಲಿದೆ ಮಗು, ತಡವಾಯಿತು. ನಿನ್ನ ಅಬ್ಬಾ ನೋಡಿದ ಅರಬರ ಬಗ್ಗೆ ಮುಂದಿನ ಸಂಚಿಕೆಗೆ ನೀನೇ ಒಂದು ಲೇಖನ ಬರೆದು ಕೊಡು.